ರಾಜೀನಾಮೆ ಪ್ರಾಯಶ್ಚಿತ್ತವೇ?

ತಪ್ಪು ಮಾಡಿದವನು ತಾನಾಗಿಯೇ ಕುರ್ಚಿ ಬಿಟ್ಟೆದ್ದರೆ ನಮ್ಮ ಸಿಟ್ಟು ಅರ್ಧ ಇಳಿದುಹೋಗುತ್ತದೆ. ವಜಾ ಎಂದರೆ ದಂಡನೆ, ರಾಜೀನಾಮೆ ಎಂದರೆ ಪ್ರಾಯಶ್ಚಿತ್ತ ಎಂಬ ಲೆಕ್ಕ ಮನಸ್ಸಿನಲ್ಲಿ ಕೂತಿರುತ್ತದೆ. ಕೆನಡಾದ ಐಸ್ ಹಾಕಿ ತಂಡ ಕ್ಯಾಲ್ಗರಿ ಫ್ಲೇಮ್ಸ್‌ನ ಕೋಚ್ ಬಿಲ್ ಪೀಟರ್ಸ್ 2019ರ ನವೆಂಬರ್ 29ರಂದು ಹುದ್ದೆ ಬಿಟ್ಟರು. ನಾಲ್ಕು ದಿನ ಮೊದಲು, ನೈಜೀರಿಯಾದಲ್ಲಿ ಹುಟ್ಟಿದ ಆಟಗಾರ ಅಕೀಮ್ ಅಲಿಯು ಹತ್ತು ವರ್ಷದ ಹಳೆಯ ಮಾತೊಂದನ್ನು ಹೊರಗಿಟ್ಟಿದ್ದರು: ರಾಕ್‌ಫರ್ಡ್ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ತಾವು ಹಾಕಿದ್ದ ಹಾಡಿನ ನೆಪ ಹಿಡಿದು ಆಗ ಅಲ್ಲಿ ಕೋಚ್ ಆಗಿದ್ದ ಪೀಟರ್ಸ್ ಕಪ್ಪು ಜನರನ್ನು ಹೀಯಾಳಿಸುವ ಬೈಗುಳ ಆಡಿದ್ದರು ಎಂದು. ಪೀಟರ್ಸ್ ಕ್ಷಮಾಪಣೆ ಪತ್ರವನ್ನೇನೋ ಬರೆದರು, ಆದರೆ ಬರೆದದ್ದು ಜನರಲ್ ಮ್ಯಾನೇಜರಿಗೆ. ಅದರಲ್ಲಿ ಅಲಿಯು ಅವರ ಹೆಸರೇ ಇರಲಿಲ್ಲ.

ಜೈನರ ತತ್ತ್ವಾರ್ಥಸೂತ್ರ ಒಂಬತ್ತು ಬಗೆಯ ಪ್ರಾಯಶ್ಚಿತ್ತ ಎಣಿಸುತ್ತದೆ. ಮೊದಲನೆಯದು ಆಲೋಚನಾ, ಅಂದರೆ ಗುರುವಿನೆದುರು ದೋಷವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು. ದೀಕ್ಷೆಯ ಹಿರಿತನ ಕಡಿತ ಮಾಡುವ ಛೇದ ಏಳನೆಯದು, ಕೆಲಕಾಲ ಸಂಘದಿಂದ ದೂರವಿಡುವ ಪರಿಹಾರ ಎಂಟನೆಯದು, ಮತ್ತೆ ದೀಕ್ಷೆ ಕೊಟ್ಟು ಸೇರಿಸಿಕೊಳ್ಳುವ ಉಪಸ್ಥಾಪನ ಕೊನೆಯದು. ಯಾವ ದೋಷ ಎಂಬುದು ಮೊದಲು ಬಾಯಿಗೆ ಬರಬೇಕು. ಎಷ್ಟು ಕಳೆದುಕೊಳ್ಳಬೇಕು ಎಂಬುದನ್ನು ತೂಗುವವನು ಬೇರೆಯವನಿರಬೇಕು. ರಾಜೀನಾಮೆಯಲ್ಲಿ ಎರಡನ್ನೂ ಬರೆಯುವವನೇ ತೀರ್ಮಾನಿಸಿಕೊಳ್ಳುತ್ತಾನೆ. ಮುನಿಗೂ ಸಂಬಳದ ಕೋಚಿಗೂ ಎಲ್ಲಿಯ ಹೋಲಿಕೆ ಎನ್ನಬಹುದು. ಹುಡುಗರ ಆಟ, ಅನ್ನ ಎರಡೂ ಕೋಚಿನ ಕೈಯಲ್ಲಿರುವುದರಿಂದ ಹೋಲಿಕೆ ಅಷ್ಟೇನೂ ದೂರದ್ದಲ್ಲ.

ತಳ್ಳಿಸಿಕೊಂಡು ಹೋಗುವುದಕ್ಕಿಂತ ತಾನಾಗಿ ಹೋಗುವುದು ಮೇಲಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಬಾಗಿಲು ಮುಚ್ಚುವುದು ಖಚಿತವಾದ ಮೇಲೆ ಹೊರಗೆ ಕಾಲಿಟ್ಟವನಿಗೆ ಮಾತ್ರ ಅದು ಅನ್ವಯಿಸದು. ಇನ್ನು, ವಜಾ ಮಾಡಿಯೂ ಕ್ಲಬ್ ಕೈತೊಳೆದುಕೊಳ್ಳಬಹುದು, ಒಪ್ಪಿದೆ. ಹಾಗಾಗಿ ನನಗೆ ಮುಖ್ಯವೆನಿಸುವುದು ಆದೇಶದ ಹೆಸರಲ್ಲ, ಅದಕ್ಕೂ ಮೊದಲಿನ ಕಡತ. ಇನ್ನೊಂದು ಪ್ರಕರಣ ನೋಡಿ: ಆಟಗಾರನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯದ ದೂರನ್ನು 2010ರಲ್ಲಿ ಐಸ್ ಹಾಕಿ ತಂಡ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಬದಿಗೆ ಸರಿಸಿದಾಗ ಜೋಯಲ್ ಕ್ವೆನ್‌ವಿಲ್ ಅಲ್ಲಿ ಕೋಚ್. 2021ರ ಅಕ್ಟೋಬರ್‌ನಲ್ಲಿ ತನಿಖಾ ವರದಿ ಹೊರಬಂತು. ಎರಡೇ ದಿನಕ್ಕೆ ಅವರು ಫ್ಲೋರಿಡಾ ತಂಡದ ಕೋಚ್ ಹುದ್ದೆಗೆ ರಾಜೀನಾಮೆ ಕೊಟ್ಟರು. ಅದೂ ರಾಜೀನಾಮೆಯೇ, ಆದರೆ ದೋಷ ಆಗಲೇ ದಾಖಲಾಗಿತ್ತು. 2024ರಲ್ಲಿ ಈ ತಂಡಗಳ ಲೀಗ್ ಅವರಿಗೆ ಮತ್ತೆ ಬಾಗಿಲು ತೆರೆದಾಗ ವಿರೋಧಿಸಿದವರೂ ಒಪ್ಪಿದವರೂ ಅದೇ ವರದಿಯನ್ನು ಮುಂದಿಟ್ಟುಕೊಂಡು ಜಗಳವಾಡಬಹುದಿತ್ತು. ಇತ್ತ ಪೀಟರ್ಸ್ 2023ರಲ್ಲಿ ಲೆತ್‌ಬ್ರಿಜ್‌ನ ಕಿರಿಯರ ತಂಡಕ್ಕೆ ಕೋಚ್ ಆದರು. ಅಲ್ಲಿ ಆಡುವವರು ಹದಿಹರೆಯದ ಹುಡುಗರು.