ದೇಶವ್ರತವೂ ಕೈಯೊಳಗಿನ ಫೋನೂ

ಶ್ರಾವಕನ ವ್ರತಗಳಲ್ಲಿ ದೇಶವ್ರತದ ಕಡೆಗೆ ಹರಿಯುವ ಗಮನ ಕಡಿಮೆ. ಇಂತಿಷ್ಟು ಕಾಲ ಈ ಮನೆಯನ್ನು, ಈ ಬೀದಿಯನ್ನು ದಾಟೆನೆಂದು ಎಲ್ಲೆ ಹಾಕಿಕೊಳ್ಳುವುದೇ ಈ ವ್ರತ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು, ಹೊರಗೆ ಆಳನ್ನು ಕಳುಹಿಸುವುದು, ಕೆಮ್ಮಿ ಸದ್ದುಮಾಡಿ ಹೊರಗಿನವರನ್ನು ಎಚ್ಚರಿಸುವುದು, ತನ್ನ ರೂಪವನ್ನು ತೋರಿಸುವುದು, ಹೆಂಟೆ ಕಲ್ಲು ಎಸೆದು ಸನ್ನೆ ಮಾಡುವುದು. ದೇಹವು ಎಲ್ಲೆಯೊಳಗೇ ಇದೆ. ಆದರೂ ವ್ರತಕ್ಕೆ ಮಲಿನತೆ ತಟ್ಟಿತು. ಶಬ್ದಾನುಪಾತ, ರೂಪಾನುಪಾತಗಳನ್ನು ಬಾಯಿಪಾಠ ಮಾಡಿದವರಿಗೆ ಸ್ಮಾರ್ಟ್‌ಫೋನು ತೀರ ಹೊಸ ಸಮಸ್ಯೆಯಾಗಿ ಕಾಣಬೇಕಾಗಿಲ್ಲ.

ನೆಮ್ಮಾರಿನಂತಹ ತುಂಗಾತೀರದ ಊರುಗಳಲ್ಲಿ ತೋಟಗಳ ನಡುವೆ ಮನೆಗಳು ದೂರದೂರ. ಮಳೆಗಾಲದ ಸಂಜೆಗೆ ಮನೆಮಂದಿಯ ಮಾತೇ ಜೊತೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡ ಹತ್ತಿದರು. ವಿದ್ಯೆಗಾಗಿ ಪಟ್ಟ ಆ ಶ್ರಮವನ್ನು ಆಕ್ಷೇಪಿಸಲಾಗದು. ಬೆಂಗಳೂರಿನ ಮಗನ ಮುಖವನ್ನು ತಾಯಿ ಕಾಣುವುದೂ ಅದರಲ್ಲಿಯೇ. ಆದರೆ ಅದೇ ಮಗನು ರಜೆಗೆ ಬಂದು ಜಗಲಿಯಲ್ಲಿ ಕುಳಿತು, ತಾಯಿ ಎರಡು ಸಲ ಕೇಳಿದ್ದಕ್ಕೆ ತಲೆಯೆತ್ತದೆ 'ಹೂಂ' ಎಂದರೆ, ಅವನು ಮನೆಗೆ ಬಂದನೆನ್ನಬೇಕೆ, ಬರಲಿಲ್ಲವೆನ್ನಬೇಕೆ?

ಅವನು ವ್ರತ ಹಿಡಿದವನಲ್ಲ, ಅತಿಚಾರದ ಮಾತೇಕೆ ಎನ್ನಬಹುದು. ಬೈದಿಲ್ಲ, ಹೊಡೆದಿಲ್ಲ, ಹಿಂಸೆ ಎಲ್ಲಿ ಎಂದೂ ಕೇಳಬಹುದು. ಸೂತ್ರಕಾರರು ಹಿಂಸೆಯ ಲಕ್ಷಣದಲ್ಲಿ ಮೊದಲು ಇಟ್ಟದ್ದು ಪ್ರಮಾದವನ್ನು. ಎದುರಿಗಿರುವ ಜೀವದ ವಿಷಯದಲ್ಲಿ ಎಚ್ಚರ ತಪ್ಪುವುದು ಪ್ರಮಾದವಲ್ಲದೆ ಮತ್ತೇನು? ಕಿರಿಯರನ್ನಷ್ಟೇ ದೂಷಿಸುವುದೂ ನ್ಯಾಯವಲ್ಲ. ಕಥೆ ಕೇಳಿದ ಮೊಮ್ಮಗುವಿನ ಕೈಗೆ ಫೋನು ಕೊಟ್ಟು ಸುಮ್ಮನಿರಿಸುವ ಅಜ್ಜಂದಿರು ಬೇಕಾದಷ್ಟಿದ್ದಾರೆ.

ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ, ಸಂಜೆ 7ಕ್ಕೆ ಸೈರನ್ ಮೊಳಗಿಸಿ ಒಂದೂವರೆ ಗಂಟೆ ಟಿ.ವಿ., ಮೊಬೈಲುಗಳನ್ನು ಆರಿಸುವ ಕ್ರಮವನ್ನು ತಂದರು. 2023ರ ಪರ್ಯೂಷಣದಲ್ಲಿ ಮಧ್ಯಪ್ರದೇಶದ ಬೇಗಂಗಂಜ್‌ನ ಜೈನರು 24 ಗಂಟೆ ಫೋನು ತ್ಯಜಿಸಿದರು. ಎರಡೂ ಸ್ತುತ್ಯ. ಆದರೂ ದಿನನಿತ್ಯದ ಒಂದೂವರೆ ಗಂಟೆಯೇ ಕಠಿನವೆನಿಸುತ್ತದೆ. ಉಪವಾಸವೆಂದರೆ ಇಂದ್ರಿಯಗಳು ವಿಷಯಗಳಿಂದ ಮರಳಿ ಆತ್ಮನ ಸಮೀಪದಲ್ಲಿ ನೆಲೆಸುವುದು. ಅನ್ನ ಬಿಟ್ಟು ದಿನವಿಡೀ ಪಾರಣೆಯ ಅಡುಗೆಯನ್ನೇ ನೆನೆಯುವವನದು ಬರಿಯ ಲಂಘನ. ಫೋನು ಬಿಟ್ಟು ಮರುದಿನದ ಸಂದೇಶಗಳನ್ನು ಎಣಿಸುವವನದೂ ಅಷ್ಟೆ.

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ಅನಂತರದ ಎರಡು ಗಂಟೆ ಹೇಗೂ ಬಿಡುವಾಗಿರುತ್ತದೆ. ಎಲ್ಲೆಯನ್ನು ಅಲ್ಲಿಯೇ ಹಾಕಿಕೊಳ್ಳಬಹುದು. ದೂರದ ಮಗನ ಕರೆಗೆ, ಕಾಯಿಲೆಯ ಸುದ್ದಿಗೆ ವಿನಾಯಿತಿ ಬೇಕಾದರೆ ಅದನ್ನು ವ್ರತ ಹಿಡಿಯುವಾಗಲೇ ಮನೆಮಂದಿಯ ಎದುರು ಹೇಳಿಕೊಂಡಿರಬೇಕು, ಫೋನು ಸದ್ದುಮಾಡಿದ ಮೇಲೆ ಹುಟ್ಟಿಸಿಕೊಳ್ಳಬಾರದು.