ಯಂತ್ರ ಬರೆದಿಡುವ ಲೆಕ್ಕ ಮತ್ತು ಮಾಲಕನ ನ್ಯಾಯ

ಮನುಷ್ಯನ ಪ್ರತಿಯೊಂದು ಕರ್ಮವೂ ದಾಖಲಾಗುತ್ತಿದೆ ಎಂಬುದು ನಮ್ಮ ವಿಶ್ವಾಸದ ಒಂದು ಭಾಗ. ನಮ್ಮ ಕರ್ಮಗಳನ್ನು ಬರೆಯುವ ಗೌರವಾನ್ವಿತ ಮಲಕ್‌ಗಳು ನೇಮಿಸಲ್ಪಟ್ಟಿದ್ದಾರೆಂದು ಪವಿತ್ರ ಕುರ್‌ಆನಿನ ಸೂರಃ ಅಲ್ ಇನ್‌ಫಿತಾರ್ ತಿಳಿಸುತ್ತದೆ. ಚಿಕ್ಕದನ್ನಾಗಲಿ ದೊಡ್ಡದನ್ನಾಗಲಿ ಬಿಡದೆ ಬರೆದಿಟ್ಟ ಕರ್ಮಗ್ರಂಥವನ್ನು ಕಂಡು ಅಪರಾಧಿಗಳು ನಡುಗುವ ದಿನದ ಚಿತ್ರ ಸೂರಃ ಅಲ್ ಕಹ್ಫ್‌ನಲ್ಲಿದೆ. ಇಂತಹ ವಿಶ್ವಾಸವಿರುವವನಿಗೆ ಲೆಕ್ಕ ಎಂಬುದು ಹೊಸ ಮಾತಲ್ಲ. ಆದರೆ ಇಂದು ಮನುಷ್ಯನೇ ತನ್ನಂತಹ ಇನ್ನೊಬ್ಬ ಮನುಷ್ಯನ ದುಡಿಮೆಯನ್ನು ಯಂತ್ರದಿಂದ ಬರೆಸಿಕೊಳ್ಳುತ್ತಿದ್ದಾನೆ. ಆ ಬರಹವನ್ನು ಓದಿ ತೀರ್ಪು ಕೊಡುವ ಅಧಿಕಾರ ಕೈಗೆ ಬಂದಾಗ ಒಬ್ಬ ಸತ್ಯವಿಶ್ವಾಸಿ ಹೇಗೆ ನಡೆದುಕೊಳ್ಳಬೇಕು? ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ಯೋಚಿಸಬೇಕಾಗಿದೆ.

ಮುದ್ರಣದ ಉದ್ಯೋಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತು. ಅಂತಹ ಕಾಲದಲ್ಲಿ ಒಂದು ದಿನದ ಕೆಲಸ ಎಷ್ಟಾಯಿತೆಂದು ತಿಳಿಯಲು ಮುಗಿದ ಹಾಳೆಗಳನ್ನು ಎಣಿಸಬೇಕಾಗಿತ್ತು. 1993ರಲ್ಲಿ ಇಂಡಿಗೊ ಮತ್ತು ಕ್ಸೈಕಾನ್ ಕಂಪೆನಿಗಳು ಬಣ್ಣದ ಡಿಜಿಟಲ್ ಮುದ್ರಣ ಯಂತ್ರಗಳನ್ನು ಪ್ರಪಂಚದ ಮುಂದಿಟ್ಟವು. ಅಚ್ಚುಮೊಳೆಯೂ ಬೇಡ, ಪ್ಲೇಟೂ ಬೇಡ, ಕಂಪ್ಯೂಟರಿನಿಂದ ನೇರವಾಗಿ ಕಾಗದಕ್ಕೆ. ಇಂದು ನಮ್ಮ ಊರುಗಳ ಅಂಗಡಿಗಳಲ್ಲೂ ಮದುವೆಯ ಆಮಂತ್ರಣ ಪತ್ರಿಕೆ, ಬಿಲ್ ಪುಸ್ತಕ, ಮದ್ರಸದ ಪ್ರಮಾಣಪತ್ರ ಎಲ್ಲವೂ ಇಂತಹ ಯಂತ್ರಗಳಲ್ಲಿ ಅಚ್ಚಾಗುತ್ತಿವೆ.

ಈ ಯಂತ್ರಗಳಿಗೆ ಇನ್ನೊಂದು ಗುಣವಿದೆ. ಅವು ಅಚ್ಚು ಹಾಕುವುದರ ಜೊತೆಗೆ ದಿನಚರಿಯನ್ನೂ ಬರೆಯುತ್ತವೆ. ಯಾವ ಫೈಲ್ ಎಷ್ಟು ಗಂಟೆಗೆ ಬಂತು, ಮುದ್ರಣ ಯಾವಾಗ ಆರಂಭವಾಗಿ ಯಾವಾಗ ಮುಗಿಯಿತು, ಎಷ್ಟು ಪುಟ, ಎಷ್ಟು ಪ್ರತಿ, ಬಣ್ಣವೋ ಕಪ್ಪುಬಿಳುಪೋ, ಯಾವ ಅಳತೆಯ ಕಾಗದ, ಯಾರ ಹೆಸರಿನಲ್ಲಿ ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ. ಇದಕ್ಕೆ ಲಾಗ್ ಎನ್ನುತ್ತಾರೆ. ಅನೇಕ ಕಡೆ ಯಂತ್ರದ ಕಂಪೆನಿಯು ಮೀಟರ್ ನೋಡಿ, ಅಚ್ಚಾದ ಒಂದೊಂದು ಪುಟಕ್ಕೂ ಇಷ್ಟು ಎಂದು ಹಣ ಪಡೆಯುತ್ತದೆ. ಸಾಲ ಮಾಡಿ ಯಂತ್ರ ತಂದ ಮಾಲಕನಿಗೆ ಕಂತಿನ ಚಿಂತೆ ಬೇರೆ. ಹಾಗಾಗಿ ಅವನು ಲಾಗ್ ತೆರೆದು ನೋಡುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಸಾಲದ ವ್ಯವಹಾರವನ್ನು ಬರೆದಿಡಿರಿ, ಬರೆಯುವವನು ನ್ಯಾಯದಿಂದ ಬರೆಯಲಿ ಎಂದು ಸೂರಃ ಅಲ್ ಬಕರಃದಲ್ಲಿ ಕಲಿಸಿದ ಧರ್ಮವು ಲೆಕ್ಕವಿಡುವುದನ್ನು ವಿರೋಧಿಸುವುದಿಲ್ಲ.

ಸಮಸ್ಯೆ ಬರುವುದು ಓದುವಾಗ. ಅಂಗಡಿಯ ದಿನ 8 ಗಂಟೆಯದು, ಅಂದರೆ 480 ನಿಮಿಷ ಎಂದಿಟ್ಟುಕೊಳ್ಳಿ. ಯಂತ್ರ ಅಚ್ಚು ಹಾಕಿದ್ದು 190 ನಿಮಿಷ ಮಾತ್ರ ಎಂದು ಲಾಗ್ ಹೇಳುತ್ತದೆ. ಮಾಲಕನ ಮನಸ್ಸಿನಲ್ಲಿ ಕೂಡಲೇ ಏಳುವ ಮಾತು, “290 ನಿಮಿಷ ಇವನು ಏನು ಮಾಡುತ್ತಿದ್ದ?” ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ. ಆದರೆ ಸ್ವಲ್ಪ ನಿಂತು ಕೇಳಿದರೆ ಚಿತ್ರ ಬೇರೆಯಾಗಬಹುದು. ಬೆಳಿಗ್ಗೆ ಯಂತ್ರ ಬಿಸಿಯಾಗಿ ಬಣ್ಣ ಸರಿಹೊಂದಿಸಲು 40 ನಿಮಿಷ. ಡಿಸೈನ್ ಮಾಡುವವನಿಂದ ಫೈಲ್ ಬರಲು ಕಾದದ್ದು 70. ಕಾಗದ ಬದಲಿಸಿದ್ದು, ಸಿಕ್ಕಿಹಾಕಿಕೊಂಡ ಹಾಳೆಯನ್ನು ಬಿಡಿಸಿದ್ದು 60. ಪ್ರೂಫ್ ನೋಡಿ ಗಿರಾಕಿ ಒಪ್ಪಿಗೆ ಕೊಡುವವರೆಗೆ 45. ಊಟಕ್ಕೂ ನಮಾಝಿಗೂ 50. ಉಳಿದದ್ದು 25 ನಿಮಿಷ. 290 ನಿಮಿಷದ ಆರೋಪ 25 ನಿಮಿಷಕ್ಕೆ ಇಳಿಯಿತು! ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ತನ್ನ ವಿಷಯವನ್ನು ಮಾತ್ರ ಹೇಳಿತ್ತು. ಅದನ್ನು ಮನುಷ್ಯನ ವಿಷಯವೆಂದು ಓದಿದವರು ನಾವು.

ಇನ್ನೂ ಒಂದು ಸೂಕ್ಷ್ಮವಿದೆ. ಒಬ್ಬ ಆಪರೇಟರ್ ಅವಸರದಲ್ಲಿ 500 ಹಾಳೆ ಅಚ್ಚು ಹಾಕುತ್ತಾನೆ. ಬಣ್ಣ ಕೆಟ್ಟಿತೆಂದು ಅವನ್ನೆಲ್ಲ ಎಸೆದು ಮತ್ತೆ 500 ಹಾಕುತ್ತಾನೆ. ಲಾಗ್‌ನ ಎಣಿಕೆಯಲ್ಲಿ ಅವನು ಸಾವಿರ ಹಾಳೆಯ ಶ್ರಮಜೀವಿ. ಇನ್ನೊಬ್ಬ ಮೊದಲು ಒಂದು ಹಾಳೆ ತೆಗೆದು, ಬೆಳಕಿಗೆ ಹಿಡಿದು ನೋಡಿ, ಹೆಸರಿನ ಅಕ್ಷರ ಸರಿಯಿದೆಯೇ ಎಂದು ಪರೀಕ್ಷಿಸಿ, ಬಳಿಕ 500 ಹಾಕುತ್ತಾನೆ. ಲಾಗ್‌ನಲ್ಲಿ ಇವನ ಕೆಲಸ ಮೊದಲನೆಯವನ ಅರ್ಧದಷ್ಟು. ಕಾಗದ ಉಳಿಸಿದವನು ಯಾರು? ಗಿರಾಕಿಯ ಮುಂದೆ ಅಂಗಡಿಯ ಮಾನ ಕಾಪಾಡಿದವನು ಯಾರು? ಸಂಖ್ಯೆಯನ್ನು ಮಾತ್ರ ನೋಡಿ ಬಹುಮಾನ ಕೊಡುವ ಮಾಲಕನು ತಿಳಿಯದೆಯೇ ಅಜಾಗರೂಕತೆಗೆ ಬಹುಮಾನ ಕೊಟ್ಟು, ಅಮಾನತ್ತಿಗೆ ದಂಡ ವಿಧಿಸುತ್ತಾನೆ.

ಪ್ರವಾದಿ(ಸ)ರು ಅಲಿ(ರ)ರನ್ನು ಯಮನ್‌ಗೆ ನ್ಯಾಯಾಧೀಶರನ್ನಾಗಿ ಕಳುಹಿಸುವಾಗ, ಇಬ್ಬರು ನಿಮ್ಮ ಮುಂದೆ ಬಂದರೆ ಮೊದಲನೆಯವನ ಮಾತು ಕೇಳಿದಂತೆ ಎರಡನೆಯವನ ಮಾತನ್ನೂ ಕೇಳದೆ ತೀರ್ಪು ಕೊಡಬೇಡಿ ಎಂದು ಉಪದೇಶಿಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಇಲ್ಲಿ ಲಾಗ್ ಎಂಬುದು ಒಂದು ಪಕ್ಷ. ಅದು ನಿಖರವಾಗಿ, ಗಂಟೆ ನಿಮಿಷಗಳ ಸಮೇತ ಮಾತಾಡುತ್ತದೆ. ಎದುರಿಗೆ ನಿಂತಿರುವ ಹುಡುಗ ತಡವರಿಸುತ್ತಾನೆ, ಸೋಮವಾರ ಮಧ್ಯಾಹ್ನ ಏನಾಯಿತೆಂದು ಅವನಿಗೆ ನೆನಪಿರುವುದಿಲ್ಲ. ವಾಕ್ಚಾತುರ್ಯವಿರುವವನು ವಾದದಲ್ಲಿ ಗೆಲ್ಲಬಹುದು, ಆದರೆ ಹಾಗೆ ಸಿಕ್ಕಿದ ಸಹೋದರನ ಹಕ್ಕು ನರಕಾಗ್ನಿಯ ತುಂಡು ಎಂಬ ಎಚ್ಚರಿಕೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಇಂದು ಎಲ್ಲರಿಗಿಂತ ವಾಕ್ಚಾತುರ್ಯವಿರುವುದು ಅಂಕೆಸಂಖ್ಯೆಗಳಿಗೆ ಎಂಬುದನ್ನು ನಾವು ಮರೆಯಬಾರದು.

ಸೂರಃ ಅಲ್ ಮುತಫ್ಫಿಫೀನ್ ನೆನಪಿಸಿಕೊಳ್ಳಿ. ತಾವು ಪಡೆಯುವಾಗ ತುಂಬಾ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರಿಗೆ ಅದರಲ್ಲಿ ವಿನಾಶದ ಎಚ್ಚರಿಕೆಯಿದೆ. ಅಳತೆ ಎಂದರೆ ಅಕ್ಕಿಯ ಸೇರು ಮಾತ್ರವೇ? ಲಾಗ್ ಕೂಡ ಒಂದು ಅಳತೆಗೋಲು. ಕಾರ್ಮಿಕ ತಡವಾಗಿ ಬಂದ 10 ನಿಮಿಷವನ್ನು ಅದರಿಂದ ಕಂಡುಹಿಡಿಯುವ ಮಾಲಕ, ಅದೇ ಲಾಗ್‌ನಲ್ಲಿ ರಾತ್ರಿ 10 ಗಂಟೆಗೆ ದಾಖಲಾದ ಕೆಲಸವನ್ನು ನೋಡಿ ಹೆಚ್ಚುವರಿ ಕೂಲಿ ಕೊಡುತ್ತಾನೆಯೇ? ಅಂಗಡಿಯ ತಪ್ಪಿನಿಂದ ಹಾಳಾದ ಹಾಳೆಗಳನ್ನು ಗಿರಾಕಿಯ ಬಿಲ್ಲಿನಿಂದ ಬಿಡುತ್ತಾನೆಯೇ? ಸಮಯಕ್ಕೆ ಕಾಗದ ತರಿಸದೆ ಯಂತ್ರ ಸುಮ್ಮನೆ ನಿಂತಾಗ ಆ ನಷ್ಟವನ್ನು ತನ್ನ ಹೆಸರಿನಲ್ಲಿ ಬರೆದುಕೊಳ್ಳುತ್ತಾನೆಯೇ? ಒಂದೇ ಕಡೆಗೆ ಅಳೆಯುವ ಗೋಲು ಎಷ್ಟೇ ಆಧುನಿಕವಾಗಿದ್ದರೂ ಅದು ಮದ್‌ಯನ್ ಜನಾಂಗದ ತಕ್ಕಡಿಯೇ. ಜನರಿಗೆ ಸಲ್ಲಬೇಕಾದುದನ್ನು ಕಡಿಮೆ ಮಾಡಬೇಡಿರೆಂದು ಪ್ರವಾದಿ ಶುಐಬ್(ಅ)ರು ಆ ಜನಾಂಗವನ್ನು ಕರೆದು ಹೇಳಿದ್ದರು.

ಹೀಗೆ ಗಮನಿಸುವುದೇ ಗೂಢಚರ್ಯೆಯಲ್ಲವೇ ಎಂದು ಕೆಲವರು ಕೇಳಬಹುದು. ಅತಿಯಾದ ಗುಮಾನಿಯನ್ನೂ ಪರರ ಗುಟ್ಟು ಕೆದಕುವುದನ್ನೂ ಸೂರಃ ಅಲ್ ಹುಜುರಾತ್ ನಿಷೇಧಿಸಿದೆ. ನಮ್ಮ ದೇಶದಲ್ಲೂ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಯಂತ್ರದ ಕೆಲಸದ ಲೆಕ್ಕ ನೋಡುವುದು ಗೂಢಚರ್ಯೆಯಲ್ಲ, ಯಂತ್ರ ಮಾಲಕನದು. ಆದರೆ ಕಾರ್ಮಿಕನಿಗೆ ತಿಳಿಸದೆ, ಮೊದಲೇ ಮಾತಾಗದೆ, ಅವನ ತಪ್ಪು ಹುಡುಕಲೆಂದೇ ಕೂತರೆ ಅದರ ಬಣ್ಣ ಬದಲಾಗುತ್ತದೆ. ಜನರ ದೋಷಗಳನ್ನು ಬೆನ್ನಟ್ಟಿ ಹೋದರೆ ನೀವೇ ಅವರನ್ನು ಕೆಡಿಸುವಿರಿ ಎಂಬರ್ಥದ ಪ್ರವಾದಿವಚನವೂ ಅಬೂದಾವೂದ್‌ನಲ್ಲಿದೆ. ಸಂಶಯಕ್ಕೊಳಗಾದ ನೌಕರ ನಿಧಾನವಾಗಿ ಸಂಶಯಕ್ಕೆ ತಕ್ಕವನೇ ಆಗುತ್ತಾನೆ. ಕೆಲಸ ಮಾಡುವುದಕ್ಕಿಂತ ಲಾಗ್ ತುಂಬಿಸುವುದನ್ನು ಕಲಿಯುತ್ತಾನೆ.

ಈ ಮಾತನ್ನು ದುಡಿಯುವ ಸಹೋದರ ಸಹೋದರಿಯರಿಗೂ ಹೇಳಬೇಕಾಗಿದೆ. ಕೂಲಿ ಪಡೆದ ಸಮಯ ನಿಮ್ಮ ಕೈಯಲ್ಲಿರುವ ಅಮಾನತ್ತು. ಬೇಡದ ಹಾಳೆ ಅಚ್ಚು ಹಾಕಿ ಎಣಿಕೆ ಹೆಚ್ಚಿಸುವುದು, ಇನ್ನೊಬ್ಬನ ಹೆಸರಿನಲ್ಲಿ ಯಂತ್ರ ತೆರೆದು ತಪ್ಪನ್ನು ಅವನ ಮೇಲೆ ಹಾಕುವುದು, ನಮಾಝಿನ ನೆಪದಲ್ಲಿ ಅರ್ಧ ಗಂಟೆ ಹರಟುವುದು ಇವೆಲ್ಲ ವಂಚನೆಗಳೇ. ಯಂತ್ರ ಬರೆಯದಿದ್ದರೂ ಬರೆಯುವವರು ಇದ್ದಾರೆ. ನೀವು ಅಲ್ಲಾಹನನ್ನು ಕಾಣದಿದ್ದರೂ ಅವನು ನಿಮ್ಮನ್ನು ಕಾಣುತ್ತಿದ್ದಾನೆಂಬ ಪ್ರಜ್ಞೆಯಿಂದ ಆರಾಧಿಸುವುದೇ ಇಹ್ಸಾನ್ ಎಂದು ಪ್ರವಾದಿ(ಸ)ರು ಕಲಿಸಿದರು. ಆ ಪ್ರಜ್ಞೆ ಮುಸಲ್ಲಾದಿಂದ ಎದ್ದು ಕೆಲಸದ ಮೇಜಿಗೂ ನಮ್ಮೊಂದಿಗೆ ಬರಬೇಕು.

ಮಾಲಕರು ಮಾಡಬೇಕಾದುದು ಕಷ್ಟದ್ದೇನಲ್ಲ. ಲೆಕ್ಕವಿಡಲಾಗುತ್ತದೆ ಎಂದು ಕೆಲಸಕ್ಕೆ ಸೇರುವಾಗಲೇ ಹೇಳಿರಿ. ಯಂತ್ರ ನಿಂತಾಗ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಲು ಪಕ್ಕದಲ್ಲೊಂದು ಪುಸ್ತಕವಿಡಿರಿ. ಹಾಳಾದ ಹಾಳೆಗಳನ್ನು ಬೇರೆಯಾಗಿ ಎಣಿಸಿರಿ. ನಮಾಝ್ ಮತ್ತು ಜುಮುಅದ ವೇಳೆಯನ್ನು ವ್ಯರ್ಥವಾದ ಸಮಯದ ಸಾಲಿಗೆ ಸೇರಿಸಬೇಡಿರಿ. ವಾರಕ್ಕೊಮ್ಮೆ ಲಾಗ್ ಮುಂದಿಟ್ಟುಕೊಂಡು ಕೆಲಸಗಾರನೊಂದಿಗೆ ಕುಳಿತು ಕೇಳಿರಿ. ಆಗ ಫೈಲ್ ತಡವಾಗುವುದು ಎಲ್ಲಿ, ಕಾಗದ ಕೆಡುವುದು ಏಕೆ ಎಂಬುದು ತಿಳಿದು ಅಂಗಡಿಯೂ ಸುಧಾರಿಸುತ್ತದೆ. ಕೇಳದೆ ಸಂಬಳಕ್ಕೆ ಮಾತ್ರ ಕೈ ಹಾಕಬೇಡಿರಿ. ಆ ಸಂಬಳಕ್ಕಾಗಿ ಒಂದು ಮನೆಯಲ್ಲಿ ಅಕ್ಕಿ, ಹಾಲು, ಮಕ್ಕಳ ಫೀಸು ಕಾದಿರುತ್ತದೆ. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸ್ ತಿಳಿಸುತ್ತದೆ.

ಅಲ್ಲಾಹನ ದಾಖಲೆಗೂ ನಮ್ಮ ದಾಖಲೆಗೂ ಇರುವ ವ್ಯತ್ಯಾಸ ಇಷ್ಟೇ. ಅವನ ದಾಖಲೆಯಲ್ಲಿ ನಿಯ್ಯತ್ತೂ ಇದೆ, ಅಶಕ್ತಿಯೂ ಇದೆ, ಯಾರೂ ಕಾಣದ ಒಳಿತೂ ಇದೆ. ನಮ್ಮದರಲ್ಲಿ ಅವೊಂದೂ ಇಲ್ಲ. ಪೂರ್ಣ ಜ್ಞಾನವಿರುವ ಒಡೆಯನೇ ಕ್ಷಮಿಸುತ್ತಿರುವಾಗ, ಅರೆಜ್ಞಾನದ ನಾವು ದಂಡಿಸಲು ಇಷ್ಟೊಂದು ಅವಸರ ಪಡುವುದೇಕೆ? ನಾಳೆ ನಮ್ಮ ಲೆಕ್ಕ ಹಗುರವಾಗಬೇಕೆಂದು ಬಯಸುವವರು ಇಂದು ಇತರರ ಲೆಕ್ಕವನ್ನು ನ್ಯಾಯದಿಂದಲೂ ಕರುಣೆಯಿಂದಲೂ ಓದಲಿ. ಅಲ್ಲಾಹನು ನಮ್ಮ ತಕ್ಕಡಿಗಳನ್ನು ಸರಿಯಾಗಿರಿಸಲಿ, ನಮ್ಮ ಕರ್ಮಗ್ರಂಥವನ್ನು ಬಲಗೈಯಲ್ಲಿ ನೀಡಲಿ. ಆಮೀನ್.