ಬಿಲ್ಲಿನಲ್ಲಿಲ್ಲದ ವೇಸ್ಟೇಜ್

ಮುಂಬೈ ಇರಲಿ, ಚೆನ್ನೈ ಇರಲಿ, ಅಕ್ಷಯ ತದಿಗೆಯ ದಿನ ಚಿನ್ನದಂಗಡಿಯಲ್ಲಿ ನಾವು ಚೌಕಾಸಿ ಮಾಡುವುದು ಮಜೂರಿ ಮತ್ತು ವೇಸ್ಟೇಜಿಗೆ. ಆದರೆ ನಿಜವಾದ ವೇಸ್ಟೇಜ್ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಅದು ಗಣಿಯ ಊರಿನಲ್ಲೇ ಉಳಿದುಬಿಡುತ್ತದೆ.

ನಮ್ಮ ಕೆಜಿಎಫ್‌ನಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಉಳಿದ ಪುಡಿ ಗುಡ್ಡಗಳಾಗಿ ನಿಂತಿತು. 2001ರಲ್ಲಿ ಗಣಿ ಮುಚ್ಚಿತು, ಗುಡ್ಡಗಳು ಹಾಗೇ ಇವೆ. ಸಯನೈಡ್ ಬಿಸಿಲಿಗೆ ಕ್ರಮೇಣ ಒಡೆದುಹೋಗಬಹುದು. ನುಣ್ಣನೆಯ ದೂಳು ಎಲ್ಲಿಗೆ ಹೋದೀತು? ಗಾಳಿ ಎದ್ದರೆ ಮನೆಗಳಿಗೇ ಬರುತ್ತದೆ.

‘ಗಣಿ ಅನ್ನ ಕೊಟ್ಟಿತಲ್ಲ’ ಎನ್ನುವವರಿದ್ದಾರೆ. ನಿಜ. ಆದರೆ ಕೂಲಿ ಕೊಟ್ಟದ್ದು ಅಪ್ಪನ ದುಡಿಮೆಗೆ, ಮೊಮ್ಮಗುವಿನ ಉಸಿರಿಗಲ್ಲ.

ಬೇರೆ ದಾರಿ ಇಲ್ಲವೇ? ಇದೆ. ಅಮೆರಿಕದ ನೆವಾಡಾದ ಒಂದು ದೊಡ್ಡ ಗಣಿ 2014ರಿಂದ ಒಂದು ಬಗೆಯ ಅದಿರಿಗೆ ಸಯನೈಡ್ ಬದಲು ಥಯೋಸಲ್ಫೇಟ್ ಬಳಸತೊಡಗಿತು. ಸಣ್ಣ ಗಣಿಗಾರರು ಹಲವು ದೇಶಗಳಲ್ಲಿ ಪಾದರಸದಿಂದ ಚಿನ್ನ ಹಿಡಿದು, ಅದನ್ನು ಕಾಯಿಸಿ ಹೊಗೆ ಕುಡಿಯುತ್ತಾರೆ. ಫಿಲಿಪ್ಪೀನ್ಸ್‌ನ ಬೆಂಗೆಟ್‌ನಲ್ಲಿ ಪಾದರಸ ಬಿಟ್ಟು, ಅದಿರನ್ನು ತಾಳ್ಮೆಯಿಂದ ತೊಳೆದು, ಬಿಳಿಗಾರ ಹಾಕಿ ಕರಗಿಸುತ್ತಾರೆ. ನಮ್ಮ ಅಕ್ಕಸಾಲಿಗರ ಕುಲುಮೆಯ ಅದೇ ಬಿಳಿಗಾರ. ಎಲ್ಲ ಅದಿರಿಗೂ ಇವು ಒಗ್ಗುವುದಿಲ್ಲ; ಖರ್ಚು, ಶ್ರಮ ಹೆಚ್ಚಾಗಬಹುದು.

ಹಾಗಾದರೆ ಆ ಹೆಚ್ಚಿನ ಖರ್ಚು ಯಾರದು? ನಾವು ಕೊಡದಿದ್ದರೆ ಅದು ಮಾಯವಾಗುವುದಿಲ್ಲ, ಇನ್ನೊಬ್ಬರ ಎದೆಗೂಡಿಗೆ ಸಾಲವಾಗಿ ಬರೆಸಿಕೊಳ್ಳುತ್ತದೆ. ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನಷ್ಟೇ ಹೇಳುತ್ತದೆ. ಅದನ್ನು ಹೇಗೆ ತೆಗೆದರು ಎಂದು ಕೇಳಬೇಕಾದವರು ಕೊಳ್ಳುವ ನಾವೇ.